ಒಂದು ಗಂಟೆಯ ನಿಯಮ

ಡಾಗ್ನಿ ತೀರಿಕೊಂಡ ವರ್ಷ ನಮ್ಮ ತೋರ್‌ಸೆಲೆ ಗ್ರಾಮ ಸಂಘದವರು ವಾರ್ಷಿಕ ಸಂಚಿಕೆಗೆ ಅವಳ ಬಗ್ಗೆ ಬರೆದುಕೊಡು ಎಂದು ನನ್ನನ್ನು ಕೇಳಿದರು. ಎಷ್ಟು ಬರೆಯಬೇಕು ಎಂದೆ. ಅರ್ಧ ಪುಟ, ಜೊತೆಗೊಂದು ಫೋಟೊ ಎಂದರು.

"ರೊಟ್ಟಿ ಲಟ್ಟಿಸ್ತಿದ್ಲು, ಮೂರ್ಛೆರೋಗ ಇತ್ತು, ಮದ್ವೆ ಆಗ್ಲಿಲ್ಲ. ಇನ್ನೇನಿದೆ ಬರೆಯೋಕೆ?" ಅಂದ ಸಂಪಾದಕ ಮಹಾಶಯ.

ಅವನು ಹೇಳಿದ್ದು ಮೂರು ಸಂಗತಿ, ಅದರಲ್ಲಿ ಒಂದು ಸುಳ್ಳು. ಡಾಗ್ನಿಗೆ ಮೂರ್ಛೆರೋಗ ಇರಲೇ ಇಲ್ಲ. ಆ ಸುಳ್ಳಿಗೆ ಮೂರು ತಿಂಗಳಿಗೊಮ್ಮೆ ಮಾತ್ರೆ ಕೊಡುತ್ತಾ ಇಪ್ಪತ್ತೇಳು ವರ್ಷ ಸಾಕಿದವಳು ನಾನೇ, ಈ ಊರಿನ ನರ್ಸ್ ಗುನ್ವೊರ್. ಅರ್ಧ ಪುಟವನ್ನು ಅವನೇ ಬರೆದುಕೊಳ್ಳಲಿ. ನನಗೆ ಗೊತ್ತಿರುವುದನ್ನು ನಾನು ಪೂರ್ತಿ ಬರೆಯುತ್ತೇನೆ. ಇದರಲ್ಲಿ ಹೆಚ್ಚಿನದನ್ನು ಡಾಗ್ನಿಯೇ ನನಗೆ ಹೇಳಿದ್ದು. ಉಳಿದದ್ದಕ್ಕೆ ನಾನೇ ಸಾಕ್ಷಿ.

ಸಾವಿರದ ಒಂಬೈನೂರ ಐವತ್ತನಾಲ್ಕರ ಬೇಸಿಗೆ. ಡಾಗ್ನಿಗೆ ಹತ್ತು ವರ್ಷ, ಅಣ್ಣ ಹಾಲ್ವರ್‌ಗೆ ಹನ್ನೆರಡು. ನಮ್ಮಲ್ಲಿ ಬೇಸಿಗೆಯೆಂದರೆ ಆರು ವಾರ, ಕಣ್ಣು ಮಿಟುಕಿಸುವುದರಲ್ಲಿ ಮುಗಿದುಹೋಗುತ್ತದೆ. ಅಷ್ಟರೊಳಗೆ ಹುಲ್ಲು ಕೊಯ್ದು ಒಣಗಿಸಬೇಕು, ಮಕ್ಕಳಿಗೆ ಈಜು ಕಲಿಸಬೇಕು. ಮರದ ದಿಮ್ಮಿಗಳು ತೇಲಿಬರುವ ನದಿಯ ದಂಡೆಯಲ್ಲಿ ಹುಟ್ಟಿದ ಮೇಲೆ ಈಜು ಬಾರದಿದ್ದರೆ ಹೇಗೆ? ಹಾಗಾಗಿ ಪ್ರತಿ ಜುಲೈನಲ್ಲೂ ನದಿಯ ತಿರುವಿನ ಮರದ ಕಟ್ಟೆಯ ಮೇಲೆ ಈಜುಶಾಲೆ ನಡೆಯುತ್ತಿತ್ತು. ಕೊನೆಯ ದಿನ ಇನ್ನೂರು ಮೀಟರ್ ಈಜಿದವರಿಗೆ ಎದೆಗೆ ಚುಚ್ಚಿಕೊಳ್ಳಲು ಒಂದು ಬಿಲ್ಲೆ.

ಈ ಈಜಿಗೆ ಒಂದು ನಿಯಮವಿತ್ತು. ಏನಾದರೂ ತಿಂದರೆ ಒಂದು ಗಂಟೆ ನೀರಿಗಿಳಿಯುವ ಹಾಗಿಲ್ಲ. ಇಳಿದರೆ ಹೊಟ್ಟೆ ಹಿಡಿದುಕೊಂಡು ಕಲ್ಲಿನಂತೆ ಮುಳುಗುತ್ತಾರೆ. ಹಾಗೆ ಮುಳುಗಿದವರನ್ನು ಯಾರೂ ಕಂಡಿರಲಿಲ್ಲ, ಆದರೂ ಇಡೀ ದೇಶ ಇದನ್ನು ದೇವರ ಹತ್ತು ಆಜ್ಞೆಗಳ ಜೊತೆ ಹನ್ನೊಂದನೆಯದಾಗಿ ನಂಬಿತ್ತು. ನಾನು ಹುಟ್ಟಿದ ಊರಲ್ಲಿ ನನ್ನ ತಾಯಿ ಅಡುಗೆಮನೆಯ ಗಡಿಯಾರವನ್ನೇ ದಂಡೆಗೆ ಹೊತ್ತು ತಂದು ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಿದ್ದಳು. ಐವತ್ತೊಂಬತ್ತು ನಿಮಿಷಕ್ಕೆ ಕಾಲು ನೆನೆಸಿದರೂ ಬೆನ್ನಿಗೆ ಬೀಳುತ್ತಿತ್ತು.

ಬಿಲ್ಲೆಯ ದಿನ ಹಾಲ್ವರ್ ಬೆಳಗ್ಗೆ ಐದಕ್ಕೇ ಎದ್ದು ಅಪ್ಪನ ಜೊತೆ ಹುಲ್ಲುಗಾವಲಿಗೆ ಹೋಗಿದ್ದ. ಈಜುವ ದಿನವೆಂದು ತಾಯಿ ಬರೀ ನೀರು ಕುಡಿಸಿ ಕಳಿಸಿದ್ದಳು. ಹತ್ತು ಗಂಟೆಗೆ ನದಿಯ ಕಡೆ ನಡೆಯುವಾಗ ಅವನ ಹೊಟ್ಟೆ ತಾಳ ಹಾಕುತ್ತಿತ್ತು. ಡಾಗ್ನಿ ತಾಯಿ ಬೇಯಿಸಿಟ್ಟಿದ್ದ ತೆಳ್ಳನೆ ರೊಟ್ಟಿಯೊಂದಕ್ಕೆ ಬೆಣ್ಣೆ ಸವರಿ, ಸುತ್ತಿ, ಏಪ್ರನ್ನಿನೊಳಗೆ ಬಚ್ಚಿಟ್ಟುಕೊಂಡು ತಂದಿದ್ದಳು. ದೋಣಿಮನೆಯ ಹಿಂದೆ ಅದನ್ನು ತೆಗೆದು ತೋರಿಸಿದಳು.

"ಅಣ್ಣಾ, ಬೇಕಾ?"

"ತಾ ಇಲ್ಲಿ. ಯಾರಿಗೂ ಹೇಳ್ಬೇಡ, ಆಯ್ತಾ?"

ಎರಡೇ ತುತ್ತಿಗೆ ನುಂಗಿದ. ಆಮೇಲೆ ಕಟ್ಟೆಯ ಮೇಲೆ ಹದಿನೇಳು ಮಕ್ಕಳು ಸಾಲಾಗಿ ನಿಂತರು. ಈಜು ಕಲಿಸುತ್ತಿದ್ದವಳು ಎಬ್ಬಾ, ನಮ್ಮೂರಿನ ಹುಡುಗಿಯೇ. ಆಗ ಅವಳಿಗೆ ಇಪ್ಪತ್ತನಾಲ್ಕು. ಪಟ್ಟಣದಲ್ಲಿ ತರಬೇತಿ ಮುಗಿಸಿ ಬಂದು ಎರಡನೆಯ ವರ್ಷ. ಮಕ್ಕಳ ಬಾಯಲ್ಲಿ ಟೀಚರಮ್ಮನಿಗೆ ನಮ್ಮಲ್ಲಿ ಫ್ರೋಕನ್ ಎಂದು ಹೆಸರು. ಫ್ರೋಕನ್ ಎಬ್ಬಾ ಸಾಲಿನ ಉದ್ದಕ್ಕೂ ನಡೆದು ಪ್ರತಿದಿನ ಕೇಳುವುದನ್ನೇ ಅಂದೂ ಕೇಳಿದಳು.

"ಯಾರಾದ್ರೂ ಏನಾದ್ರೂ ತಿಂದು ಬಂದಿದ್ದೀರಾ? ನಿಜ ಹೇಳ್ಬೇಕು."

"ಇಲ್ಲ ಫ್ರೋಕನ್!" ಎಂದು ಎಲ್ಲರೂ ಕೂಗಿದರು. ಹಾಲ್ವರ್ ಎಲ್ಲರಿಗಿಂತ ಜೋರಾಗಿ ಕೂಗಿದ.

ಅವನು ಒಳ್ಳೆಯ ಈಜುಗಾರ. ನೂರೈವತ್ತು ಮೀಟರ್ ದಾಟಿ ಹೋಗಿದ್ದ. ಆಮೇಲೆ ಅವನ ಮುಖ ನೀರಿಗೆ ಇಳಿಯಿತು, ಮೇಲೆ ಬರಲಿಲ್ಲ. ಕೂಗಲಿಲ್ಲ, ಕೈಕಾಲು ಬಡಿಯಲಿಲ್ಲ. ಎಬ್ಬಾ ಉಟ್ಟ ಬಟ್ಟೆಯಲ್ಲೇ ಹಾರಿ ಅವನನ್ನು ದಡಕ್ಕೆ ಎಳೆದು ತಂದಳು. ಡಾಕ್ಟರು ಬರುವ ತನಕ ಒಂದು ಗಂಟೆಗೂ ಹೆಚ್ಚು ಹೊತ್ತು ಅವನ ಎದೆ ಒತ್ತುತ್ತಲೇ ಇದ್ದಳಂತೆ. ಡಾಕ್ಟರು ಬಂದು ಅವನನ್ನು ಮಗ್ಗುಲಿಗೆ ಹೊರಳಿಸಿದಾಗ ಬಾಯಿಂದ ನೀರಿನ ಜೊತೆ ರೊಟ್ಟಿಯ ಚೂರು ಬಂತು.

"ತಿಂದು ಇಳಿದಿದ್ದಾನೆ" ಅಂದರು ಡಾಕ್ಟರು. ಊರಿಗೆ ಅಷ್ಟು ಸಾಕಾಗಿತ್ತು.

ಅದೇ ಮಧ್ಯಾಹ್ನ ಶಾಲೆಯ ಕೋಣೆಯಲ್ಲಿ ವಿಚಾರಣೆ. ಪಂಚಾಯಿತಿಯ ಮುಖ್ಯಸ್ಥ, ಹಾಲ್ವರ್‌ನ ಅಪ್ಪ ಅಮ್ಮ, ಎಬ್ಬಾ, ಕೆಲವು ಮಕ್ಕಳು. ತಿಂದಿದ್ದೀರಾ ಎಂದು ಕೇಳಿದ್ದೆ ಎಂದಳು ಎಬ್ಬಾ. ಮಕ್ಕಳಲ್ಲಿ ಕೆಲವರು ಹೌದೆಂದರು, ಕೆಲವರು ಅಳುತ್ತಾ ನಿಂತರು, ಕೆಲವರಿಗೆ ಅದು ಇವತ್ತಾ ನಿನ್ನೆಯಾ ಎಂದೇ ಗೊತ್ತಾಗಲಿಲ್ಲ. ಕೊನೆಗೆ ಮುಖ್ಯಸ್ಥ ಡಾಗ್ನಿಯನ್ನು ಹತ್ತಿರ ಕರೆದ.

"ನೀನು ಅವನ ತಂಗಿ, ಸುಳ್ಳು ಹೇಳೋಳಲ್ಲ. ಫ್ರೋಕನ್ ಇವತ್ತು ಕೇಳಿದ್ರಾ, ತಿಂದಿದ್ದೀರಾ ಅಂತ?"

ಕೇಳಿದ್ದರು ಎಂದರೆ ಮುಂದಿನ ಪ್ರಶ್ನೆ ಏನೆಂದು ಆ ಹುಡುಗಿಗೆ ಗೊತ್ತಿತ್ತು. ಅಣ್ಣ ಯಾಕೆ ಇಲ್ಲ ಅಂದ? ಅವನಿಗೆ ರೊಟ್ಟಿ ಕೊಟ್ಟವರು ಯಾರು? ಅವಳು ತಾಯಿಯ ಮುಖ ನೋಡಿದಳು. ನೋಡಿ, ಇಲ್ಲವೆಂದು ತಲೆಯಾಡಿಸಿದಳು.

ಎಬ್ಬಾ ಅವಳನ್ನೇ ಸ್ವಲ್ಪ ಹೊತ್ತು ನೋಡಿದಳಂತೆ. ಆಮೇಲೆ ಮುಖ್ಯಸ್ಥನ ಕಡೆ ತಿರುಗಿ, "ಮರ್ತಿರಬಹುದು. ಇವತ್ತು ಬಿಲ್ಲೆ ಗಡಿಬಿಡೀಲಿ ಕೇಳೋದನ್ನ ಮರ್ತಿರಬಹುದು" ಎಂದಳು.

ಅಲ್ಲಿಗೆ ಮುಗಿಯಿತು. ಕೆಲಸ ಹೋಯಿತು. ಅಂಗಡಿಯಲ್ಲಿ ಅವಳನ್ನು ಕಂಡರೆ ಹೆಂಗಸರು ಬೆನ್ನು ತಿರುಗಿಸಿದರು. ನಮ್ಮ ಜನ ಬೈಯುವುದಿಲ್ಲ, ಜಗಳವಾಡುವುದಿಲ್ಲ, ಸುಮ್ಮನಾಗುತ್ತಾರೆ. ಅದರ ಬದಲು ಕಲ್ಲು ಹೊಡೆದರೂ ತಡೆದುಕೊಳ್ಳಬಹುದು. ಎಬ್ಬಾ ಎರಡು ವಾರದಲ್ಲಿ ತಾಯಿಯನ್ನು ಊರಲ್ಲೇ ಬಿಟ್ಟು ಕರಾವಳಿಯ ಪಟ್ಟಣಕ್ಕೆ ಹೋಗಿ ಹೊಲಿಗೆ ಕಾರ್ಖಾನೆ ಸೇರಿದಳು.

ಡಾಗ್ನಿ ಮೊದಲ ಸಲ ಬಿದ್ದದ್ದು ಹದಿಮೂರನೆಯ ವಯಸ್ಸಿನಲ್ಲಿ, ಶಾಲೆಯ ಸ್ಕೀ ಓಟದಲ್ಲಿ. ಗುರಿಗೆ ಹತ್ತು ಹೆಜ್ಜೆ ಇರುವಾಗ ಹಿಮದ ಮೇಲೆ ಧೊಪ್ಪನೆ ಬಿದ್ದಳು, ಬೂದಿ ಬಣ್ಣಕ್ಕೆ ತಿರುಗಿದಳು, ಒಂದು ನಿಮಿಷದಲ್ಲಿ ಎದ್ದು ಕೂತು ಯಾಕೆಲ್ಲ ಹೀಗೆ ನೋಡುತ್ತಿದ್ದೀರಿ ಎಂದು ಕೇಳಿದಳು. ಮುಂದೊಮ್ಮೆ ತಪ್ಪಿಸಿಕೊಂಡ ಹಸುವಿನ ಹಿಂದೆ ಓಡಿ ಬಿದ್ದಳು. ಇನ್ನೊಮ್ಮೆ ಬೇಟೆನಾಯಿ ಪಕ್ಕದಲ್ಲೇ ಬೊಗಳಿದ್ದಕ್ಕೆ ಬೆಚ್ಚಿ ಬಿದ್ದಳು. ತಾಯಿ ಇದನ್ನು ಅಣ್ಣನ ದುಃಖ ಅಂದುಕೊಂಡಳು. ಡಾಗ್ನಿ ಮಾತ್ರ ಇದು ತನಗೆ ಬಂದ ಶಿಕ್ಷೆ ಎಂದು ನಂಬಿದಳು, ಯಾರಿಗೂ ಹೇಳಲಿಲ್ಲ. ಪಟ್ಟಣದ ಒಬ್ಬ ಡಾಕ್ಟರು ಮೂರ್ಛೆರೋಗ ಎಂದು ಬರೆದುಕೊಟ್ಟರು, ಮಾತ್ರೆ ಶುರುವಾಯಿತು. ಆ ಮಾತ್ರೆಗೆ ಒಸಡು ಊದಿಕೊಂಡಿತು, ಮಧ್ಯಾಹ್ನವೆಲ್ಲ ತೂಕಡಿಕೆ. ಬೀಳುವುದೇನೂ ನಿಲ್ಲಲಿಲ್ಲ.

ಊರಿನ ರೊಟ್ಟಿಮನೆಯಲ್ಲಿ ಅವಳಿಗೆ ಕೆಲಸ ಸಿಕ್ಕಿತು. ನಮ್ಮಲ್ಲಿ ಒಬ್ಬಳು ಲಟ್ಟಿಸುತ್ತಾಳೆ, ಇನ್ನೊಬ್ಬಳು ಒಲೆಯ ಬಾಯಲ್ಲಿ ನಿಂತು ಬೇಯಿಸುತ್ತಾಳೆ. ಹೆಸರು, ಮರ್ಯಾದೆ ಎಲ್ಲ ಬೇಯಿಸುವವಳಿಗೆ. ಬೆಂಕಿಗೆ ಬಿದ್ದಾಳು ಎಂದು ಡಾಗ್ನಿಯನ್ನು ಒಲೆಯ ಹತ್ತಿರ ಬಿಡಲಿಲ್ಲ. ನಲವತ್ತು ವರ್ಷ ಅವಳು ಲಟ್ಟಿಸಿದಳು, ಅವಳಷ್ಟು ತೆಳ್ಳಗೆ, ಅವಳಷ್ಟು ದುಂಡಗೆ ಲಟ್ಟಿಸುವವರು ಈ ನದಿಯ ಉದ್ದಕ್ಕೂ ಇರಲಿಲ್ಲ.

"ನಿನ್ನ ರೊಟ್ಟಿ ಮೂಲಕ ಪೇಪರ್ ಓದ್ಬೋದು ಕಣೇ" ಎಂದು ಮೊದಲು ಹೊಗಳಿದವನು ರೂನೆ. ದಿಮ್ಮಿ ಲಾರಿ ಓಡಿಸುತ್ತಿದ್ದ, ನಗಿಸುತ್ತಿದ್ದ. ಸಾವಿರದ ಒಂಬೈನೂರ ಅರವತ್ತೈದರಲ್ಲಿ ಇಬ್ಬರೂ ಮದುವೆಯ ಮಾತಿಗೆ ಪಾದ್ರಿಯ ಬಳಿ ಹೋದರು. ಆಗಿನ ಕಾನೂನಿನಲ್ಲಿ ತನಗೆ ಮೂರ್ಛೆರೋಗ ಇಲ್ಲವೆಂದು ಆತ್ಮಸಾಕ್ಷಿಯಾಗಿ ಬರೆದು ಸಹಿ ಹಾಕಬೇಕಿತ್ತು.

"ಹಾಕ್ಬಿಡೇ ಮಾರಾಯ್ತಿ, ಯಾರು ನೋಡ್ತಾರೆ? ಪಾದ್ರಿಗೂ ಗೊತ್ತು, ಅವ್ರೇ ಆ ಕಡೆ ಮುಖ ಮಾಡ್ಕೊಂಡು ಕೂತಿದ್ದಾರೆ" ಎಂದನಂತೆ ರೂನೆ.

"ನನ್ನ ಕೈಲಾಗಲ್ಲ ರೂನೆ. ಒಂದು ಸುಳ್ಳು ಹೇಳಿ ನೋಡಿದೀನಿ."

ಯಾವ ಸುಳ್ಳು ಎಂದು ಅವನು ಕೇಳಿದ, ಅವಳು ಹೇಳಲಿಲ್ಲ. ಎರಡು ವರ್ಷ ಕಾದು ಅವನು ಬೇರೆಯವಳನ್ನು ಮದುವೆಯಾದ. ಆ ಕಾಗದಕ್ಕೆ ಅವಳು ಸಹಿ ಹಾಕಿದ್ದರೆ ಅದು ಸುಳ್ಳಾಗುತ್ತಿರಲಿಲ್ಲ. ಅವಳಿಗೆ ಆ ರೋಗ ಇರಲಿಲ್ಲವಲ್ಲ!

ನಾನು ಈ ಊರಿಗೆ ಬಂದದ್ದು ಎಪ್ಪತ್ತೊಂಬತ್ತರಲ್ಲಿ. ಆಗ ಡಾಗ್ನಿಗೆ ಮೂವತ್ತೈದು. ಕಾರು ಓಡಿಸುವ ಪರವಾನಗಿ ಕೊಡುವುದಿಲ್ಲವಾದ್ದರಿಂದ ದಿನಕ್ಕೆರಡು ಬಸ್ಸಿನ ಮೇಲೆ ಅವಳ ಬದುಕು. ಚಳಿಗಾಲದಲ್ಲಿ ತಳ್ಳುಬಂಡಿಯಂಥ ಹಿಮಗಾಡಿಯ ಮೇಲೆ ನಿಂತು ಒಂದು ಕಾಲಲ್ಲಿ ನೆಲ ಒದೆಯುತ್ತಾ ಬರುತ್ತಿದ್ದಳು, ಏರಿನಲ್ಲಿ ಇಳಿದು ನಿಧಾನವಾಗಿ ನಡೆಯುತ್ತಿದ್ದಳು. ಎಂದೂ ಓಡುತ್ತಿರಲಿಲ್ಲ, ಎಂದೂ ನದಿಗೆ ಇಳಿಯುತ್ತಿರಲಿಲ್ಲ. ಬಸ್ಸು ಕಣ್ಣೆದುರೇ ಹೊರಟರೂ ಹೆಜ್ಜೆ ಚುರುಕು ಮಾಡುತ್ತಿರಲಿಲ್ಲ. ಎಂಥ ಸೋಮಾರಿ ಎಂದು ಒಳಗೊಳಗೇ ಅಂದುಕೊಂಡವರಲ್ಲಿ ನಾನೂ ಒಬ್ಬಳು.

ಅವಳ ಫೈಲಿನಲ್ಲಿ ರೋಗದ ಹೆಸರಿತ್ತು, ನಾನು ಓದಿದೆ, ಮಾತ್ರೆ ಕೊಟ್ಟೆ. ಬೀಳುವ ಮುಂಚೆ ಏನು ಮಾಡುತ್ತಿದ್ದೆ ಎಂದು ಒಂದೇ ಒಂದು ಸಲ ಕೇಳಿದ್ದರೆ ಸಾಕಿತ್ತು. ಓಡಿದಾಗ, ಬೆಚ್ಚಿದಾಗ ಮಾತ್ರ ಎಂದು ಅವಳು ಆಗಲೇ ಹೇಳಿರುತ್ತಿದ್ದಳು. ಹೃದಯದ ಬಡಿತ ಬರೆದುಕೊಳ್ಳುವ ಯಂತ್ರ ನನ್ನ ಕೋಣೆಯ ಮೂಲೆಯಲ್ಲೇ ಇತ್ತು, ಮೇಲೆ ಹೂಕುಂಡ ಇಟ್ಟಿದ್ದೆ. ಇಪ್ಪತ್ತೇಳು ವರ್ಷದಲ್ಲಿ ಒಂದು ದಿನವೂ ಅವಳನ್ನು ಅದರ ಪಕ್ಕ ಮಲಗಿಸಲಿಲ್ಲ.

ಎರಡು ಸಾವಿರದ ಆರರ ವಸಂತದಲ್ಲಿ ಡಾಗ್ನಿಯ ಚಿಕ್ಕಪ್ಪನ ಮರಿಮಗಳೊಬ್ಬಳು ಶಾಲೆಯ ಈಜುಕೊಳದಲ್ಲಿ ಹಾಗೇ ಮುಖ ಕೆಳಗಾಗಿ ತೇಲಿದಳು. ಅಲ್ಲಿ ವಿದ್ಯುತ್ ಕೊಟ್ಟು ಹೃದಯ ಮತ್ತೆ ಬಡಿಸುವ ಪೆಟ್ಟಿಗೆ ಇದ್ದದ್ದರಿಂದ ಬದುಕಿದಳು. ಉಮಿಯೋ ನಗರದ ದೊಡ್ಡಾಸ್ಪತ್ರೆಯ ಹೃದಯದ ಡಾಕ್ಟರಮ್ಮ ಹುಡುಗಿಯ ವಂಶವನ್ನೆಲ್ಲ ಕೆದಕತೊಡಗಿದಳು. ಮೂವತ್ತೊಂದು ಜನರ ರಕ್ತ ತೆಗೆದವಳು ನಾನು. ಅವರಲ್ಲಿ ಹನ್ನೆರಡು ಜನರಲ್ಲಿ ಒಂದು ದೋಷ ಸಿಕ್ಕಿತು, ಹುಟ್ಟುವಾಗಲೇ ಜೊತೆಗೆ ಬಂದದ್ದು. ಪ್ರತಿ ಬಡಿತದ ನಂತರ ಹೃದಯ ಮುಂದಿನದಕ್ಕೆ ಸಿದ್ಧವಾಗಬೇಕಲ್ಲ, ಇವರ ಹೃದಯ ಅದರಲ್ಲಿ ಕೊಂಚ ತಡ ಮಾಡುತ್ತದೆ. ಸುಮ್ಮನೆ ಕೂತಾಗ ಏನೂ ತೊಂದರೆಯಿಲ್ಲ. ಓಡಿದಾಗ, ಗಾಬರಿಯಾದಾಗ, ಎಲ್ಲಕ್ಕಿಂತ ಹೆಚ್ಚಾಗಿ ಈಜುವಾಗ, ಅದು ಲಯ ತಪ್ಪಿ ಬರೀ ಕಂಪಿಸಲು ಶುರುಮಾಡುತ್ತದೆ. ತಾನಾಗಿ ಸರಿಹೋದರೆ ಎದ್ದು ಕೂರುತ್ತಾರೆ. ಸರಿಹೋಗದಿದ್ದರೆ ಇಲ್ಲ.

ಡಾಗ್ನಿಯ ಫಲಿತಾಂಶ ಹೇಳಲು ಡಾಕ್ಟರಮ್ಮ ನನ್ನ ಕೋಣೆಗೇ ಬಂದಿದ್ದಳು. ಮೂವತ್ತರ ಆಸುಪಾಸಿನ ಚುರುಕು ಹೆಣ್ಣು.

"ನಿಮ್ಗೆ ಮೂರ್ಛೆರೋಗ ಯಾವತ್ತೂ ಇರ್ಲಿಲ್ಲ ಡಾಗ್ನಿ. ಇದೇ ಇದ್ದಿದ್ದು. ಆ ಮಾತ್ರೆ ನಿಧಾನಕ್ಕೆ ನಿಲ್ಲಿಸೋಣ, ಬೇರೆ ಕೊಡ್ತೀನಿ. ನಿಮ್ಮ ಮನೇಲಿ ಚಿಕ್ಕ ವಯಸ್ಸಲ್ಲಿ ಯಾರಾದ್ರೂ ಇದ್ದಕ್ಕಿದ್ದಂಗೆ ಹೋಗಿದ್ರಾ?"

"ಅಣ್ಣ. ಈಜೋವಾಗ."

"ಹಂಗಾದ್ರೆ ಇದೇ. ನೂರಕ್ಕೆ ತೊಂಬತ್ತೊಂಬತ್ತು ಪಾಲು ಇದೇ."

ಡಾಗ್ನಿ ಕೈಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. "ಅವನು ರೊಟ್ಟಿ ತಿಂದಿದ್ದ" ಎಂದಳು.

"ಯಾವ ರೊಟ್ಟಿ?"

"ನೀರಿಗೆ ಇಳಿಯೋ ಮುಂಚೆ. ಒಂದು ಗಂಟೆ ಆಗಿರ್ಲಿಲ್ಲ."

ಡಾಕ್ಟರಮ್ಮ ನಕ್ಕಳು. ಪಾಪ, ಅವಳಿಗೇನು ಗೊತ್ತು? "ಅಯ್ಯೋ, ಅದೆಲ್ಲ ಹಳೇ ಕಾಲದ ಕಥೆ! ರೊಟ್ಟಿ ತಿಂದು ಯಾರೂ ಮುಳುಗಲ್ಲ. ನನ್ನ ಅಜ್ಜಿನೂ ಗಡಿಯಾರ ಹಿಡ್ಕೊಂಡು ಕೂರ್ತಿದ್ರು."

ಡಾಗ್ನಿ ಅಳಲಿಲ್ಲ. ಎದ್ದು ಕೋಟು ಹಾಕಿಕೊಂಡಳು, ಗುಂಡಿಗಳನ್ನು ತಪ್ಪು ತೂತಿಗೆ ಸೇರಿಸಿದಳು. ಮನೆಗೆ ಬಿಡಲು ನನ್ನ ಕಾರಿನಲ್ಲಿ ಕೂರಿಸಿಕೊಂಡೆ. ಸೇತುವೆ ದಾಟುವಾಗ ಮಾತಾಡಿದಳು.

"ಗುನ್ವೊರ್, ಫ್ರೋಕನ್ ಎಬ್ಬಾ ಕೇಳಿದ್ರು. ಅವತ್ತು ಕೇಳಿದ್ರು. ನಾನೇ ಇಲ್ಲ ಅಂದೆ."

ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿದೆ. ಐವತ್ತೆರಡು ವರ್ಷದ್ದನ್ನು ಅವಳು ಅಲ್ಲೇ ಹೇಳಿ ಮುಗಿಸಿದಳು. ನನಗೆ ಕನಿಕರಕ್ಕಿಂತ ಮೊದಲು ಸಿಟ್ಟು ಬಂತು, ಅದನ್ನು ಮುಚ್ಚಿಡುವುದಿಲ್ಲ.

"ಆ ಹೆಂಗ್ಸು ಬದುಕಿದಾರಾ?"

"ಇದಾರೆ. ಅದೇ ಕರಾವಳಿ ಪಟ್ಟಣ, ಹೆರ್ನ್ಯೋಸಾಂದಲ್ಲಿ. ಪ್ರತಿ ವರ್ಷ ಟೆಲಿಫೋನ್ ಪುಸ್ತಕದಲ್ಲಿ ಹೆಸರು ನೋಡ್ತೀನಿ."

"ಪ್ರತಿ ವರ್ಷ ನೋಡ್ತೀಯಾ, ಒಂದ್ಸಲನೂ ಫೋನ್ ಮಾಡ್ಲಿಲ್ಲ?"

ಅವಳು ಕಿಟಕಿಯ ಕಡೆ ತಿರುಗಿದಳು. ಅವಳು ಹೋಗಿ ಹೇಳಲೇಬೇಕು ಎಂದೆ. ಎಬ್ಬಾಗೆ ಆಗ ಎಪ್ಪತ್ತಾರು, ಕಾಯಲು ಯಾರಿಗೂ ಪುರುಸೊತ್ತಿರಲಿಲ್ಲ. ಹೋಗುತ್ತೇನೆ ಎಂದಳು ಡಾಗ್ನಿ. ಜೂನ್ ಕಳೆಯಿತು. ಆಗಸ್ಟ್‌ನಲ್ಲಿ ಹಣ್ಣು ಆಯಬೇಕು ಎಂದಳು, ಸೆಪ್ಟೆಂಬರ್‌ನಲ್ಲಿ ಊರೆಲ್ಲ ಎಲ್ಕ್ ಜಿಂಕೆಯ ಬೇಟೆಗೆ ಹೋಗಿದೆ, ರೊಟ್ಟಿಮನೆಯಲ್ಲಿ ಜನವಿಲ್ಲ ಎಂದಳು.

ಅಕ್ಟೋಬರ್‌ನಲ್ಲಿ "ಹೊಸ ಮಾತ್ರೆ ಗುನ್ವೊರ್, ಪ್ರಯಾಣ ಆಗುತ್ತೋ ಇಲ್ವೋ" ಎಂದಳು.

"ಮಾತ್ರೆ ಕೊಡೋಳು ನಾನು, ನನಗೇ ಕಿವಿಗೆ ಹೂವ ಇಡ್ತೀಯಾ? ಗುರುವಾರ ಹತ್ತು ಗಂಟೆಗೆ ಕಾರು ನಿನ್ನ ಬಾಗಿಲಲ್ಲಿರುತ್ತೆ. ಎಬ್ಬಾಗೆ ಫೋನ್ ಮಾಡಿ ಆಯ್ತು, ನೀನು ಮೆಟ್ಲು ನಿಧಾನಕ್ಕೆ ಹತ್ಬೇಕು ಅಂತಾನೂ ಹೇಳಿದೀನಿ."

ಎಬ್ಬಾ ಎರಡನೆಯ ಮಹಡಿಯ ಸಣ್ಣ ಮನೆಯಲ್ಲಿ ಒಬ್ಬಳೇ ಇದ್ದಳು. ಎತ್ತರದ ಹೆಂಗಸು, ಭುಜ ಇನ್ನೂ ಈಜುಗಾರ್ತಿಯದ್ದೇ. ಬಾಗಿಲು ತೆರೆದವಳು ಯಾರೆಂದು ಕೇಳಲಿಲ್ಲ. "ಬಾ ಡಾಗ್ನಿ, ಮೆಟ್ಲು ನಿಧಾನಕ್ಕೆ ಹತ್ತಿದೆ ತಾನೇ?" ಎಂದಳು. ಕಾಫಿ, ಏಳು ಬಗೆ ಬಿಸ್ಕತ್ತು, ಎಲ್ಲ ಸಿದ್ಧವಾಗಿತ್ತು. ಡಾಗ್ನಿ ಬಟ್ಟಲು ಮುಟ್ಟಲಿಲ್ಲ. ಮಡಿಲಲ್ಲಿ ಕೈ ಇಟ್ಟುಕೊಂಡು ಶಾಲೆಯ ಪಾಠ ಒಪ್ಪಿಸುವ ಹಾಗೆ ಎಲ್ಲವನ್ನೂ ಹೇಳಿದಳು. ರೊಟ್ಟಿ ಕೊಟ್ಟದ್ದು, ಅಣ್ಣ ಕೂಗಿದ್ದು, ತಾನು ತಲೆಯಾಡಿಸಿದ್ದು.

"ನಂಗೊತ್ತು" ಎಂದಳು ಎಬ್ಬಾ.

"ಏನು ಗೊತ್ತು?"

"ನೀನು ತಲೆ ಅಲ್ಲಾಡಿಸ್ದಾಗ ನಿನ್ನ ಏಪ್ರನ್ ನೋಡ್ದೆ. ಬೆಣ್ಣೆ ಕಲೆ, ಇಷ್ಟಗಲ. ಎಲ್ಲ ಅರ್ಥ ಆಯ್ತು. ಹೇಳ್ಬೋದಿತ್ತು. ಆದ್ರೆ ಹತ್ತು ವರ್ಷದ ಮಗು, ಅಣ್ಣನ್ನ ಕೊಂದೋಳು ಅಂತ ಅನ್ನಿಸ್ಕೊಂಡು ಹೆಂಗೆ ಬೆಳೆಯುತ್ತೆ? ನಾನು ದೊಡ್ಡೋಳು, ನಾನು ತಡ್ಕೋತೀನಿ ಅನ್ನಿಸ್ತು. ಇಪ್ಪತ್ನಾಲ್ಕು ವರ್ಷಕ್ಕೆ ಎಷ್ಟು ದೊಡ್ಡೋಳು ನೋಡು."

ಡಾಗ್ನಿಯ ಮುಖದಲ್ಲಿ ರಕ್ತವೇ ಉಳಿಯಲಿಲ್ಲ. ನಾನು ಅವಳ ಮಣಿಕಟ್ಟು ಹಿಡಿದು ನಾಡಿ ನೋಡಿದೆ, ಸಮವಾಗಿಯೇ ಇತ್ತು. ಅವಳು ಕೈ ಬಿಡಿಸಿಕೊಂಡು ಉಳಿದದ್ದನ್ನೂ ಹೇಳಿದಳು. ಹೃದಯದ ಮಾತು, ಡಾಕ್ಟರಮ್ಮನ ಮಾತು.

ಎಬ್ಬಾ ಮೇಜಿನ ಬಟ್ಟೆಯ ಅಂಚನ್ನು ನೇವರಿಸಿದಳು.

"ಅಂದ್ರೆ ರೊಟ್ಟಿಯಿಂದ ಅಲ್ಲ."

"ಅಲ್ಲ."

"ನನ್ನಿಂದಾನೂ ಅಲ್ಲ."

"ಅಲ್ಲ. ಕ್ಷಮಿಸಿ ಫ್ರೋಕನ್."

ಅರವತ್ತೆರಡು ವರ್ಷದ ಹೆಂಗಸಿನ ಬಾಯಲ್ಲಿ ಆ ಫ್ರೋಕನ್ ಕೇಳಿ ನಾನು ಕಾಫಿ ಬಟ್ಟಲಿನತ್ತ ಕಣ್ಣು ಇಳಿಸಿದೆ. ಎಬ್ಬಾಳ ದನಿ ಮಾತ್ರ ಗಟ್ಟಿಯಾಗಿತ್ತು.

"ಹತ್ತು ವರ್ಷದ ಹುಡುಗೀನ ಅವತ್ತೇ ಕ್ಷಮಿಸ್ಬಿಟ್ಟೆ ಡಾಗ್ನಿ. ಅದಕ್ಕೆ ನೀನು ಇಷ್ಟು ದೂರ ಬರ್ಬೇಕಿರ್ಲಿಲ್ಲ. ಆದ್ರೆ ನಿನಗೆ ಇಪ್ಪತ್ತು ಆಯ್ತು. ಈಗ ಬರ್ತಾಳೆ ಅಂದ್ಕೊಂಡೆ. ಮೂವತ್ತಾಯ್ತು. ನಿಮ್ಮ ಅಪ್ಪ ಅಮ್ಮ ಹೋದ್ರು ಅಂತ ಪೇಪರಲ್ಲಿ ಓದ್ದೆ, ಇನ್ನು ಯಾರ ಭಯ, ಈಗಂತೂ ಬರ್ತಾಳೆ ಅಂದ್ಕೊಂಡೆ. ಆ ಹುಡುಗೀನ ಕ್ಷಮಿಸೋದು ಸುಲಭ ಆಗಿತ್ತು. ಈ ಹೆಂಗ್ಸನ್ನ ಏನು ಮಾಡ್ಲಿ, ನೀನೇ ಹೇಳು."

ಡಾಗ್ನಿ ಎದ್ದು ಕೋಟಿಗೆ ಕೈ ಹಾಕಿದಳು. ಹೊರಡುವಾಗ ಎಬ್ಬಾ ಬಾಗಿಲಲ್ಲಿ ನಿಂತು ಒಂದೇ ಒಂದು ಕೇಳಿಕೊಂಡಳು.

"ನನಗೆ ಹೇಳಿದ್ದು ಸಾಕು. ಅದನ್ನ ತೋರ್‌ಸೆಲೆನಲ್ಲಿ ಹೇಳು. ಎಲ್ಲರ ಮುಂದೆ, ನಿಂತ್ಕೊಂಡು. ಎಬ್ಬಾ ಅವತ್ತು ಕೇಳಿದ್ಲು ಅಂತ. ಹೇಳಿ ನನಗೆ ಫೋನ್ ಮಾಡು."

ಡಿಸೆಂಬರ್‌ನ ಮೊದಲ ಭಾನುವಾರ ಚರ್ಚಿನಲ್ಲಿ ವರ್ಷದಲ್ಲೇ ಹೆಚ್ಚು ಜನ ಸೇರುತ್ತಾರೆ. ಪ್ರಾರ್ಥನೆ ಮುಗಿದ ಮೇಲೆ ಪಕ್ಕದ ಕೋಣೆಯಲ್ಲಿ ಕಾಫಿ. ಅಲ್ಲಿ ಹೇಳುತ್ತೇನೆ ಎಂದಳು ಡಾಗ್ನಿ. ಅವಳಿಗೆ ಜನರ ಮುಂದೆ ಹಾಡಿಯೂ ಗೊತ್ತಿರಲಿಲ್ಲ. ಗಾಬರಿಯೇ ಅವಳ ಹೃದಯದ ಶತ್ರು ಎಂದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಬೇಡ, ಬರೆದುಕೊಡು, ನಾನು ಓದುತ್ತೇನೆ ಎಂದೆ.

"ನಿಂತ್ಕೊಂಡು ಅಂದಿದಾರೆ" ಎಂದಳು.

ಹೃದಯ ಬಡಿಸುವ ಪೆಟ್ಟಿಗೆಯನ್ನು ಕೋಟಿನ ಕೆಳಗೆ ಇಟ್ಟುಕೊಂಡು ಅವಳ ಹಿಂದಿನ ಕುರ್ಚಿಯಲ್ಲಿ ಕೂತೆ. ನಲವತ್ತು ಜನ ಇದ್ದರು. ಅವಳು ಎದ್ದು ನಿಂತಳು. ಕುರ್ಚಿಯ ಬೆನ್ನು ಹಿಡಿದಿದ್ದ ಬೆರಳುಗಳು ಬಿಳಿಚಿಕೊಂಡಿದ್ದವು.

"ಐವತ್ನಾಲ್ಕರಲ್ಲಿ ನಮ್ಮಣ್ಣ ಹಾಲ್ವರ್ ನದೀಲಿ ಸತ್ತ. ಈಜು ಕಲಿಸ್ತಿದ್ದ ಎಬ್ಬಾ ಮೇಲೆ ತಪ್ಪು ಹೊರಿಸಿದ್ರು. ಅವ್ರು ಅವತ್ತು ನಮ್ಮನ್ನೆಲ್ಲ ಕೇಳಿದ್ರು, ತಿಂದಿದ್ದೀರಾ ಅಂತ. ಅವನಿಗೆ ರೊಟ್ಟಿ ಕೊಟ್ಟೋಳು ನಾನು. ಕೇಳ್ಲಿಲ್ಲ ಅಂತ ಸುಳ್ಳು ಹೇಳ್ದೋಳೂ ನಾನು. ಅಣ್ಣ ಸತ್ತಿದ್ದು ರೊಟ್ಟಿಯಿಂದ ಅಲ್ಲ, ಹೃದಯದಿಂದ. ಎಬ್ಬಾದು ಯಾವ ತಪ್ಪೂ ಇಲ್ಲ. ಅಷ್ಟೇ."

ಅಷ್ಟು ಹೇಳಿ ಕೂತಳು. ಬೀಳಲಿಲ್ಲ. ನಾನು ಉಸಿರು ಬಿಟ್ಟು ಜನರ ಕಡೆ ನೋಡಿದೆ. ಯಾರೋ ಚಮಚ ಕೆಳಗಿಟ್ಟರು. ಎಂಬತ್ತು ದಾಟಿದ ಹಿಲ್ಡಿಂಗ್ ಕಿವಿಯ ಯಂತ್ರ ಸರಿಮಾಡಿಕೊಂಡು ಪಕ್ಕದವನನ್ನು ಕೇಳಿದ.

"ಯಾವ ಎಬ್ಬಾ? ಪೋಸ್ಟ್ ಆಫೀಸಲ್ಲಿದ್ಲಲ್ಲ, ಅವಳಾ?"

"ಅವಳಲ್ಲ. ಯಾರೋ ಈಜಿನ ಟೀಚರಂತೆ."

"ಈಜಿನ ಟೀಚರಾ? ಅದು ಗಂಡಸಲ್ವಾ, ಕೆಂಪು ಕೂದಲಿನವ್ನು?"

ಇನ್ನಿಬ್ಬರು ಮುದುಕಿಯರು ತಲೆ ಅಲ್ಲಾಡಿಸಿದರು, ಅವರಿಗೂ ನೆನಪಿರಲಿಲ್ಲ. ಕಿರಿಯರಿಗೆ ಗೊತ್ತಿರುವ ಮಾತೇ ಇಲ್ಲ. ಒಬ್ಬಳು ಬಂದು ಡಾಗ್ನಿಯ ಬೆನ್ನು ತಟ್ಟಿ, "ಅಯ್ಯೋ ಪಾಪ, ಎಷ್ಟು ಹಳೇದೆಲ್ಲ ಮನಸ್ಸಲ್ಲಿಟ್ಕೊಂಡಿದ್ಯಲ್ಲೇ" ಎಂದು ಕೇಸರಿ ಬನ್ನಿನ ತಟ್ಟೆ ಮುಂದೆ ಹಿಡಿದಳು. ಐದು ನಿಮಿಷದಲ್ಲಿ ಕೋಣೆಯ ತುಂಬ ಹಿಮದ ಮಾತು, ರಸ್ತೆ ಇನ್ನೂ ಕೆರೆದಿಲ್ಲ ಎನ್ನುವ ಗೊಣಗಾಟ.

ಚರ್ಚಿನ ಕಚೇರಿಯಿಂದ ಫೋನ್ ಮಾಡಿದೆವು. ಎಬ್ಬಾಗೆ ಕಿವಿ ಮಂದ, ಜೋರಾಗಿ ಮಾತಾಡುತ್ತಿದ್ದಳು, ಹಾಗಾಗಿ ನನಗೂ ಎಲ್ಲ ಕೇಳಿಸುತ್ತಿತ್ತು.

"ಹೇಳ್ದೆ" ಎಂದಳು ಡಾಗ್ನಿ. "ಎಲ್ಲರ ಮುಂದೆ."

"ಏನಂದ್ರು?"

ಡಾಗ್ನಿ ನನ್ನ ಕಡೆ ನೋಡಿದಳು. ಎಲ್ಲರೂ ಅತ್ತರು ಎಂದು ಹೇಳು, ಪಶ್ಚಾತ್ತಾಪ ಪಟ್ಟರು ಎಂದು ಹೇಳು ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ. ಇಷ್ಟು ವಯಸ್ಸಾದ ಹೆಂಗಸಿಗೆ ಅಷ್ಟು ಸುಳ್ಳು ಹೇಳಿದರೆ ಯಾವ ದೇವರು ಕೋಪಿಸಿಕೊಳ್ಳುತ್ತಿದ್ದ?

"ಏನೂ ಅನ್ನಲಿಲ್ಲ ಫ್ರೋಕನ್. ಯಾವ ಎಬ್ಬಾ ಅಂತ ಕೇಳಿದ್ರು. ಯಾರಿಗೂ ನೆನಪಿಲ್ಲ."

ಆ ಕಡೆ ಕುರ್ಚಿ ಎಳೆದ ಸದ್ದು ಕೇಳಿಸಿತು.

"ಒಬ್ರಿಗೂ ನೆನಪಿಲ್ವಾ?"

"ಇಲ್ಲ."

"ಅವರ ಮುಖ ನೋಡೋಕೆ ಹೆದರಿ ನಾನು ನಮ್ಮಮ್ಮನ ಮಣ್ಣಿಗೂ ಊರಿಗೆ ಬರಲಿಲ್ಲ ಡಾಗ್ನಿ" ಎಂದಳು ಎಬ್ಬಾ.